ಮಾಡಿನಿಂದ ಶುರು ಮಾಡೋಣ: ಮನೆ ಕಟ್ಟಿಸುವವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಉಡುಪಿ ಕಡೆಯ ಚಿಕ್ಕ ಆರ್ಕಿಟೆಕ್ಟ್ ಕಚೇರಿ. ಗಟ್ಟದ ಕೆಳಗೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಗಟ್ಟದ ಮೇಲೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ. ನಮ್ಮ ಕೆಲಸ ಇಷ್ಟರೊಳಗೇ. ಮನೆ ಕಟ್ಟಿಸಬೇಕು ಅಂತ ಬರುವವರು ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಹಾಗೆಯೇ, ಇಲ್ಲಿ ಬರೆದಿದ್ದೇವೆ. ಕಚೇರಿಗೆ ಬರುವ ಮೊದಲು ಇದನ್ನು ಒಮ್ಮೆ ಓದಿ ಬಂದರೆ ನಮ್ಮ ಮಾತು ಬೇಗ ನಿಮ್ಮ ಜಾಗದ ಕಡೆಗೆ ಹೋಗುತ್ತದೆ.

ನೀವು ಯಾವ ಥರದ ಮನೆ ಮಾಡುತ್ತೀರಿ? ನಿಮ್ಮ ಸ್ಟೈಲ್ ಏನು?

ನಾವು ಮೊದಲು ಮಾಡು, ಅಂದರೆ ಮನೆಯ ಮೇಲಿನ ಚಾವಣಿ, ಬರೆಯುತ್ತೇವೆ. ರೂಮು, ಕಿಟಕಿ, ಎಲಿವೇಶನ್ ಎಲ್ಲ ಆಮೇಲೆ.

ಕಾರಣ ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಮಂಗಳೂರಿನಲ್ಲಿ ಅದು 3,500 ಮಿ.ಮೀ.ಗೂ ಜಾಸ್ತಿ. ಆಗುಂಬೆಯಲ್ಲಿ 7,000 ದಾಟುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗಾಳಿ ಜೊತೆಗಿದ್ದರೆ ಮಳೆ ನೇರ ಬೀಳುವುದಿಲ್ಲ, ಅಡ್ಡ ಹೊಡೆಯುತ್ತದೆ. ಬೆಂಗಳೂರಿನ ಮನೆಯ ಪ್ಲಾನನ್ನು ಹಾಗೇ ತಂದು ಇಲ್ಲಿ ಕಟ್ಟಿದರೆ ಎರಡನೇ ಮಳೆಗಾಲಕ್ಕೇ ಗೋಡೆಯಲ್ಲಿ ಬೂಷ್ಟು ಹಿಡಿಯುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ್ದೀರಲ್ಲ? 1430ರ ಹೊತ್ತಿನ ಕಟ್ಟಡ ಅದು. ಕೆಳಗಿನ ಅಂತಸ್ತಿನ ಕಂಬ, ಗೋಡೆ ಎಲ್ಲ ಕಲ್ಲು. ಆದರೂ ಮಾಡು ಮಾತ್ರ ಇಳಿಜಾರು. ಕಲ್ಲಿನಲ್ಲಿ ಚಪ್ಪಟೆ ಚಾವಣಿ ಮಾಡುವುದು ಅವರಿಗೆ ಸುಲಭವೇ ಇತ್ತು. ಆದರೂ ಮಾಡಲಿಲ್ಲ, ಯಾಕೆಂದರೆ ಅವರು ಈ ಮಳೆ ಕಂಡವರು. ನಮ್ಮ ಸ್ಟೈಲ್ ಅಂತ ಇದ್ದರೆ ಅದು ಇಷ್ಟೇ: ಇಳಿಜಾರಿನ ದೊಡ್ಡ ಮಾಡು, ಗೋಡೆಗಿಂತ ಮೂರು ನಾಲ್ಕು ಅಡಿ ಹೊರಗೆ ಚಾಚಿದ ಸೂರು, ಸುತ್ತ ಜಗಲಿ, ಮಾಡಿನ ಕೆಳಗೆ ಗಾಳಿ ಓಡಾಡಲು ಜಾಗ.

ಈಗ ಎಲ್ಲರೂ ಟೆರೇಸ್ ಮನೆಯನ್ನೇ ಕಟ್ಟಿಸ್ತಾರಲ್ವಾ? ನಿಮಗೆ ಅದು ಯಾಕೆ ಬೇಡ?

ನಿಮ್ಮ ಊರಲ್ಲೇ ಒಂದು ಸುತ್ತು ಹಾಕಿ ಬನ್ನಿ. ಹತ್ತು ವರ್ಷ ಹಳೆಯ ಟೆರೇಸ್ ಮನೆಗಳನ್ನು ಎಣಿಸಿ. ಅವುಗಳಲ್ಲಿ ಎಷ್ಟರ ಮೇಲೆ ಈಗ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿದ್ದಾರೆ ನೋಡಿ. ನಮ್ಮ ಕಡೆ ಇದು ಮನೆ ಕಟ್ಟುವ ಕ್ರಮವೇ ಆಗಿಬಿಟ್ಟಿದೆ: ಮೊದಲು ಸ್ಲ್ಯಾಬ್, ಮೂರು ನಾಲ್ಕು ವರ್ಷಕ್ಕೆ ಸೋರಿಕೆ, ವಾಟರ್‌ಪ್ರೂಫಿಂಗ್‌ಗೆ ಒಂದು ಖರ್ಚು, ಕೊನೆಗೆ ಶೀಟ್. ಒಂದೇ ಮನೆಗೆ ಎರಡು ಮಾಡಿನ ದುಡ್ಡು ಕೊಟ್ಟ ಹಾಗಾಯಿತು.

ಶೀಟ್ ಹಾಕಿದವರನ್ನು ನಾವು ದೂರುವುದಿಲ್ಲ. ಅಡಿಕೆ ಒಣಗಿಸಲು, ಬಟ್ಟೆ ಹಾಕಲು, ಮಳೆಗಾಲದಲ್ಲಿ ಮಕ್ಕಳು ಆಡಲು ಆ ಜಾಗ ನಿಜವಾಗಿಯೂ ಬೇಕು. ನಾವು ಹೇಳುವುದು, ಅದು ಬೇಕು ಅಂತ ಮೊದಲೇ ಗೊತ್ತಿದ್ದರೆ ಮೊದಲ ದಿನದಿಂದಲೇ ಮಾಡಿನ ಕೆಳಗೊಂದು ಅಟ್ಟ ಬರೆಯೋಣ ಅಂತ. ಹಳೆ ಮನೆಗಳಲ್ಲಿ ಅಟ್ಟ ಇದ್ದದ್ದೇ ಅದಕ್ಕೆ. ಅಟ್ಟದ ಬಿಸಿ ಗಾಳಿ ಮೇಲೆಯೇ ಹೊರಗೆ ಹೋಗುತ್ತಿತ್ತು, ಕೆಳಗಿನ ಕೋಣೆ ತಂಪಾಗಿ ಇರುತ್ತಿತ್ತು.

ಸ್ಲ್ಯಾಬ್ ಬೇಡವೇ ಬೇಡ ಅಂತ ಹಟ ಇಲ್ಲ. ಎರಡು ಮಹಡಿಯ ಮನೆಯಲ್ಲಿ ನಡುವಿನ ಸ್ಲ್ಯಾಬ್ ಬೇಕಾಗುತ್ತದೆ. ಆಕಾಶಕ್ಕೆ ಮುಖ ಮಾಡಿದ ಚಪ್ಪಟೆ ಸ್ಲ್ಯಾಬ್ ಮಾತ್ರ ನಾವು ಬರೆಯುವುದಿಲ್ಲ.

ಹಂಚು ಅಂದ್ರೆ ಹಳೆ ಕಾಲದ್ದಲ್ವಾ? ನೆಂಟರು ಏನಂತಾರೆ?

ನೆಂಟರು ಮೇ ತಿಂಗಳಲ್ಲಿ ಒಂದು ರಾತ್ರಿ ಉಳಿಯಲಿ, ಆಮೇಲೆ ಕೇಳಿ.

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ಜೇಡಿಮಣ್ಣು ಅಲ್ಲೇ ಸಿಗುತ್ತಿತ್ತು, ಸುಡಲು ಸೌದೆ ಸಿಗುತ್ತಿತ್ತು, ಸಾಗಿಸಲು ಬಂದರು ಪಕ್ಕದಲ್ಲೇ ಇತ್ತು. ಇಲ್ಲಿಂದ ಹೊರಟ ಹಂಚು ಹಡಗಿನಲ್ಲಿ ಬೊಂಬಾಯಿಗೂ ಆಫ್ರಿಕಾದ ಕರಾವಳಿಗೂ ಹೋಯಿತು. ನಮ್ಮ ಊರಿನ ಹೆಸರು ಹೊತ್ತು ಲೋಕ ಸುತ್ತಿದ ವಸ್ತು ಇದು. ಇದನ್ನು ಹಾಕಿಸಲು ನಾಚಿಕೆ ಯಾಕೆ?

ಅಭಿಮಾನ ಒಂದು ಕಡೆ ಇರಲಿ, ಕೆಲಸ ನೋಡಿ. ಒಂದು ಹಂಚು ಕೈಗೆ ತೆಗೆದುಕೊಂಡು ಅಂಚು ಸವರಿ. ಒಂದು ಪಕ್ಕದಲ್ಲಿ ಏಣು, ಇನ್ನೊಂದು ಪಕ್ಕದಲ್ಲಿ ಗಾಡಿ, ಅಂದರೆ ಉದ್ದಕ್ಕೆ ಹೋಗುವ ಸಣ್ಣ ತಗ್ಗು. ಪಕ್ಕದ ಹಂಚಿನ ಏಣು ಈ ಗಾಡಿಯಲ್ಲಿ ಕೂರುತ್ತದೆ. ಗಾಳಿಗೆ ಸರಿಯುವುದಿಲ್ಲ, ಸಂದಿಗೆ ಬಂದ ನೀರು ಗಾಡಿಯಲ್ಲೇ ಹರಿದು ಕೆಳಗಿನ ಹಂಚಿಗೆ ಇಳಿಯುತ್ತದೆ. ಹೀಗಿದ್ದೂ ಹಂಚಿನ ನಡುವೆ ಗಾಳಿ ಆಡುತ್ತದೆ. ಮಧ್ಯಾಹ್ನ ಹಂಚು ಕಾಯುವುದು ನಿಜ. ಆದರೆ ಸಂಜೆ ಗಾಳಿ ಬೀಸಿದ ಕೂಡಲೇ ಆರುತ್ತದೆ. ಕಾಂಕ್ರೀಟ್ ಹಾಗಲ್ಲ, ಹಗಲಿಡೀ ಕುಡಿದ ಬಿಸಿಯನ್ನು ನಡುರಾತ್ರಿವರೆಗೆ ನಿಮ್ಮ ಹಾಸಿಗೆ ಮೇಲೆ ಇಳಿಸುತ್ತಲೇ ಇರುತ್ತದೆ.

ಇಳಿಜಾರು 30 ಡಿಗ್ರಿ ಆಸುಪಾಸು ಇರಬೇಕು. ಚಂದ ಕಾಣಲಿ ಅಂತ ಅದನ್ನು ಕಮ್ಮಿ ಮಾಡಿದರೆ ಗಾಳಿಮಳೆಗೆ ನೀರು ಹಿಂದಕ್ಕೆ ಹತ್ತುತ್ತದೆ. ಈ ಒಂದು ವಿಷಯದಲ್ಲಿ ನಾವು ಚೌಕಾಸಿಗೆ ಒಪ್ಪುವುದಿಲ್ಲ.

ಮಂಗಗಳು ಹಂಚು ಒಡೆದು ಹಾಕ್ತವಲ್ಲ?

ಒಡೆಯುತ್ತವೆ. ಕಾಡಿನ ಅಂಚಿನಲ್ಲಿ, ತೋಟದ ನಡುವೆ ಇರುವವರಿಗೆ ಇದು ದೊಡ್ಡ ಕಷ್ಟ. ನಾವು ಎರಡು ದಾರಿ ಹಿಡಿಯುತ್ತೇವೆ. ಒಂದು, ಪಕಾಸಿನ (ಮಾಡಿನ ಇಳಿಜಾರಿನ ಮರದ ತೊಲೆ) ಮೇಲೆ ಸೀಲಿಂಗ್ ಹಂಚು, ಅದರ ಮೇಲೆ ರೀಪು (ಅಡ್ಡಕ್ಕೆ ಹೊಡೆಯುವ ಮರದ ಪಟ್ಟಿ), ಅದರ ಮೇಲೆ ಮಂಗಳೂರು ಹಂಚು. ಮೇಲಿನದು ಒಡೆದರೂ ಕೆಳಗಿನ ಹಂಚು ಇರುವುದರಿಂದ ಬದಲಾಯಿಸುವಷ್ಟು ಪುರಸೊತ್ತು ಸಿಗುತ್ತದೆ. ಇನ್ನೊಂದು, ಕಾಟ ತೀರಾ ಜಾಸ್ತಿ ಇರುವಲ್ಲಿ ಇಳಿಜಾರಾಗಿ ಕಾಂಕ್ರೀಟ್ ಹಾಕಿ ಅದರ ಮೇಲೆ ಹಂಚು ಹೊದಿಸುವುದು. ಅದಕ್ಕೆ ಖರ್ಚು ಜಾಸ್ತಿ, ಗಾಳಿಯಾಡುವ ಸುಖವೂ ಹೋಗುತ್ತದೆ. ಆದರೂ ತೀರ್ಥಹಳ್ಳಿ ಕಡೆ ಕೆಲವು ಮನೆಗಳಿಗೆ ಅದೇ ಸರಿ ಅನ್ನಿಸಿತು, ಹಾಗೇ ಮಾಡಿದೆವು. ಎರಡರಲ್ಲೂ ಮಾಡಿಗೆ ತಾಗುವ ಹಲಸು, ಮಾವಿನ ಗೆಲ್ಲು ಮಾತ್ರ ಸವರಲೇಬೇಕು. ಐವತ್ತು ಹಂಚು ಹೆಚ್ಚಿಗೆ ತಂದು ಕೊಟ್ಟಿಗೆಯಲ್ಲಿ ಇಟ್ಟಿರಿ. ಮುಂದೆ ಅದೇ ಅಚ್ಚಿನದು ಸಿಗುತ್ತದೆ ಅನ್ನುವ ಹಾಗಿಲ್ಲ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ.

ಮುರಕಲ್ಲಿಗೆ ಪ್ಲಾಸ್ಟರ್ ಮಾಡದೆ ಬಿಡಬಹುದಾ?

ಬಿಡಬಹುದು, ಕಲ್ಲು ಒಳ್ಳೆಯದಿದ್ದರೆ ಮತ್ತು ಸೂರು ಮುಂದಕ್ಕೆ ಚಾಚಿದ್ದರೆ.

ಮುರಕಲ್ಲು, ಕೆಂಪು ಕಲ್ಲು, ಚಿರೆಕಲ್ಲು, ಜಂಬಿಟ್ಟಿಗೆ: ಊರಿಗೊಂದು ಹೆಸರು. ನೆಲದಡಿ ಇರುವಾಗ ಮೆತ್ತಗಿರುತ್ತದೆ. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಿಂದಿನವರು ಕೋರೆಯಿಂದ ಕಲ್ಲು ತಂದು ಒಂದು ಮಳೆಗಾಲ ಹೊರಗೇ ಬಿಡುತ್ತಿದ್ದರು. ಕೆಟ್ಟ ಕಲ್ಲು ಆ ಮಳೆಗೇ ಕರಗಿ ತನ್ನ ಗುಣ ತೋರಿಸುತ್ತಿತ್ತು. ಈಗ ಅಷ್ಟು ಕಾಯುವವರಿಲ್ಲ. ಹಾಗಾಗಿ ಲಾರಿಯಿಂದ ಇಳಿಸುವಾಗಲೇ ನಾವು ಒಬ್ಬರನ್ನು ನಿಲ್ಲಿಸುತ್ತೇವೆ. ಬಿಳಿ ಜೇಡಿ ತುಂಬಿದ ಕಲ್ಲು, ಉಗುರಿನಲ್ಲಿ ಕೆರೆದರೆ ಹುಡಿ ಉದುರುವ ಕಲ್ಲು ವಾಪಸ್ ಹೋಗುತ್ತದೆ. ಮೇಸ್ತ್ರಿ ಕತ್ತಿಯ ಹಿಡಿಯಲ್ಲಿ ಒಂದು ತಟ್ಟಿ ಕೇಳುತ್ತಾರೆ. ಒಳ್ಳೆ ಕಲ್ಲಿನ ಸದ್ದೇ ಬೇರೆ.

ಪಂಚಾಂಗಕ್ಕೆ, ಅಂದರೆ ಮನೆಯ ಅಡಿಪಾಯಕ್ಕೆ, ನಾವು ಮುರಕಲ್ಲು ಹಾಕುವುದಿಲ್ಲ. ಅಲ್ಲಿ ಕಗ್ಗಲ್ಲಿನ ಸೈಜು ಕಲ್ಲು. ಅಂಗಳಕ್ಕೆ ಬಿದ್ದ ನೀರು ಹಾರಿ ಗೋಡೆಗೆ ಹೊಡೆಯುವುದು ಕೆಳಗಿನ ಎರಡು ಅಡಿಗೇ. ಅಷ್ಟು ಎತ್ತರ ಕಗ್ಗಲ್ಲು ಬಂದರೆ ಮೇಲಿನ ಗೋಡೆ ಒಣಗಿರುತ್ತದೆ. ಹೊರಗೋಡೆಗೆ ಹೊಳಪಿನ ಪಾಲಿಶ್ ಹಚ್ಚಬೇಡಿ. ಒಳಗೆ ಸೇರಿದ ತೇವ ಹೊರಗೆ ಬರಲು ಆಗದೆ ಪದರ ಪದರವಾಗಿ ಏಳುತ್ತದೆ.

ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಕೊಡ್ತೀರಾ?

ಕಟ್ಟಿಕೊಡುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ತೆಗೆಯುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಸಿಮೆಂಟ್ ಶೇಕಡಾ 7ರ ಆಸುಪಾಸು ಸಾಕು, ಸುಡುವ ಕೆಲಸವಿಲ್ಲ. ಆದರೆ ಎಲ್ಲ ಮಣ್ಣೂ ಆಗುವುದಿಲ್ಲ, ಮಣ್ಣು ಪರೀಕ್ಷೆ ಮಾಡಿಸಬೇಕು. ಮುರಕಲ್ಲು ಹತ್ತಿರ ಸಿಗುವಲ್ಲಿ ಮುರಕಲ್ಲೇ ಸರಿ. ಗಟ್ಟದ ಮೇಲೆ, ಕಲ್ಲು ದೂರದಿಂದ ತರಬೇಕಾದಲ್ಲಿ, ಮಣ್ಣಿನ ಇಟ್ಟಿಗೆ ಒಳ್ಳೆಯದು.

ನಮಗೆ ನಡುವೆ ತೊಟ್ಟಿ ಬೇಕು. ಆಕಾಶ ಕಾಣಬೇಕು.

ಈ ಆಸೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಇದೇ ಆಸೆಯಲ್ಲಿ ನಾವೊಂದು ತಪ್ಪು ಮಾಡಿದ್ದೇವೆ, ಅದನ್ನು ಹೇಳಲೇಬೇಕು.

ಶುರುವಿನ ವರ್ಷಗಳಲ್ಲಿ ಕಾರ್ಕಳದ ಕಡೆ ಒಂದು ಮನೆ ಮಾಡಿದೆವು. ಮೈಸೂರು ಸೀಮೆಯ ತೊಟ್ಟಿ ಮನೆಗಳ ಫೋಟೋ ನೋಡಿ ಮನಸ್ಸು ತುಂಬಿತ್ತು. ಅಗಲವಾದ ತೊಟ್ಟಿ, ಸುತ್ತ ಚಿಕ್ಕ ಸೂರು. ಜನವರಿಯಲ್ಲಿ ಗೃಹಪ್ರವೇಶ, ಬಂದವರೆಲ್ಲ ಹೊಗಳಿದರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಮನೆಯವರ ಫೋನ್ ಬಂತು. ಹೋಗಿ ನೋಡಿದರೆ ಎರಚಲು ನೀರು ದೇವರ ಕೋಣೆಯ ಹೊಸ್ತಿಲವರೆಗೆ ಬಂದಿದೆ. ಆ ಮನೆಯ ಅಜ್ಜಿ ಗೋಣಿಚೀಲ ಹಾಸಿ ಹಾಸಿ ಹಿಂಡುತ್ತಿದ್ದರು. ನಮಗೆ ಒಂದು ಮಾತೂ ಬೈಯಲಿಲ್ಲ, ಕಾಫಿ ಕೊಟ್ಟರು. ಆ ದಿನವನ್ನು ನಾವು ಮರೆತಿಲ್ಲ. ತೊಟ್ಟಿಯ ಮೇಲೆ ಎತ್ತರದಲ್ಲಿ ಇನ್ನೊಂದು ಮಾಡು ಎಬ್ಬಿಸಿ, ಪಕ್ಕದಲ್ಲಿ ಗಾಳಿ ಬೆಳಕಿಗೆ ಜಾಗ ಬಿಟ್ಟು ನಮ್ಮ ಖರ್ಚಿನಲ್ಲೇ ಸರಿ ಮಾಡಿದೆವು.

ನಮ್ಮ ಕಡೆಯ ಹಳೆ ಚೌಕಿ ಮನೆಗಳನ್ನು ಗಮನಿಸಿ. ತೊಟ್ಟಿ ಚಿಕ್ಕದು, ಒಳಸೂರು ತುಂಬ ಕೆಳಗೆ ಇಳಿದಿರುತ್ತದೆ, ಒಳಜಗಲಿ ಅಗಲ, ತೊಟ್ಟಿಯ ನೆಲ ಒಂದೂವರೆ ಎರಡು ಅಡಿ ತಗ್ಗು. ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿಯನ್ನೂ ಕಟ್ಟುತ್ತಿದ್ದರು. ಅಷ್ಟೂ ಲೆಕ್ಕ ಹಾಕಿ ಮಾಡಿದ್ದು. ಈಗ ನಾವು ತೊಟ್ಟಿ ಬರೆದರೆ ಆ ಲೆಕ್ಕದಲ್ಲೇ ಬರೆಯುತ್ತೇವೆ. ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡರೆ ಏನು ಗತಿ ಅಂತಲೂ ಯೋಚಿಸಿ ಎರಡು ತೂತು ಇಡುತ್ತೇವೆ.

ಅಜ್ಜನ ಕಾಲದ ಮನೆ ಇದೆ. ಕೆಡವುದಾ, ಇಟ್ಟುಕೊಳ್ಳುವುದಾ?

ಮೊದಲು ನಮಗೊಮ್ಮೆ ತೋರಿಸಿ, ಆಮೇಲೆ ತೀರ್ಮಾನ ಮಾಡಿ. ಜೆಸಿಬಿ ಬಂದು ನಿಂತ ಮೇಲೆ ಕರೆದವರಿದ್ದಾರೆ, ಆಗ ನಮ್ಮಿಂದ ಏನೂ ಮಾಡಲು ಆಗುವುದಿಲ್ಲ.

ಹೆಚ್ಚಿನ ಹಳೆ ಮನೆಗಳಲ್ಲಿ ಹಾಳಾಗಿರುವುದು ಮೂರು ಕಡೆ: ಒರಲೆ ಹಿಡಿದ ಪಕಾಸು, ಬಚ್ಚಲಿನ ಪಕ್ಕದ ಗೋಡೆ, ಅಡುಗೆಮನೆಯ ಹಿಂದಿನ ಮಾಡು. ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಚಾವಡಿಯ ಹಲಸಿನ ಕಂಬ, ಬೋಗಿ ಮರದ ಅಡ್ಡೆ ಈಗ ದುಡ್ಡು ಕೊಟ್ಟರೂ ಅಂಥದ್ದು ಸಿಗುವುದಿಲ್ಲ. ಹಾಗಾಗಿ ಮುಂದಿನ ಚಾವಡಿ ಉಳಿಸಿ ಹಿಂದೆ ಹೊಸ ಅಡುಗೆಮನೆ, ಬಾತ್‌ರೂಮ್ ಸೇರಿಸುವುದು ನಾವು ಜಾಸ್ತಿ ಮಾಡುವ ಕೆಲಸ. ಹೊಸ ಮನೆಯನ್ನೇ ಕಟ್ಟುವುದಾದರೂ ಬಾಗಿಲು, ಕಂಬ, ಹಂಚನ್ನು ಬಿಚ್ಚಿ ನಂಬರ್ ಹಾಕಿ ಇಟ್ಟು ಮತ್ತೆ ಬಳಸಬಹುದು.

ಇಡೀ ಮನೆಯನ್ನೇ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದಾ ಅಂತ ಅನುಮಾನ ಇದ್ದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಎಬ್ಬಿಸಿದರು. ಅಲ್ಲಿನ ಕುಂಜೂರು ಚೌಕಿ ಮನೆಯ ಒಳಗೆ ಹತ್ತು ನಿಮಿಷ ಸುಮ್ನೆ ಕೂತರೆ ನಾವು ಏನು ಹೇಳುತ್ತಿದ್ದೇವೆ ಅಂತ ಗೊತ್ತಾಗುತ್ತದೆ.

ಹೀಗೆ ಕಟ್ಟಿದರೆ ಖರ್ಚು ಕಮ್ಮಿ ಆಗುತ್ತದಾ?

ಕಮ್ಮಿ ಆಗುತ್ತದೆ ಅಂತ ನಾವು ಮಾತು ಕೊಡುವುದಿಲ್ಲ. ಪ್ಲಾಸ್ಟರ್, ಪೈಂಟ್ ಉಳಿಯುತ್ತದೆ. ಆದರೆ ಪ್ಲಾಸ್ಟರ್ ಇಲ್ಲದ ಗೋಡೆಗೆ ಕಲ್ಲು ಕೆತ್ತುವ ಕೈ ಬೇಕು, ಆ ಕೈಗೆ ಕೂಲಿ ಜಾಸ್ತಿ. ಕಾವಿ ನೆಲದ ಸಾಮಾನು ಅಗ್ಗ, ಅದನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುವ ಕೆಲಸದವರು ಅಪರೂಪ. ಒಟ್ಟಿನಲ್ಲಿ ಒಳ್ಳೆ ಟೆರೇಸ್ ಮನೆಗೆ ಆಗುವಷ್ಟೇ ಆಗುತ್ತದೆ ಅಂದುಕೊಳ್ಳಿ. ಉಳಿತಾಯ ಆಮೇಲೆ ಬರುತ್ತದೆ: ಶೀಟ್ ಹಾಕಿಸುವುದಿಲ್ಲ, ಎರಡು ವರ್ಷಕ್ಕೊಮ್ಮೆ ಹೊರಗೆ ಪೈಂಟ್ ಇಲ್ಲ, ಏಸಿ ಇಲ್ಲದೆಯೂ ನಿದ್ದೆ ಬರುತ್ತದೆ.

ಖರ್ಚು ನಿಜವಾಗಿ ಕಮ್ಮಿ ಮಾಡುವ ದಾರಿ ಒಂದೇ, ಮನೆ ಚಿಕ್ಕದು ಮಾಡುವುದು. ವರ್ಷಕ್ಕೆರಡು ಸಲ ಬರುವ ನೆಂಟರಿಗೆ ಅಂತ ಎರಡು ಅಟ್ಯಾಚ್ಡ್ ರೂಮ್ ಬರೆಸುವವರಿಗೆ ನಾವು ಕೇಳಿಕೊಳ್ಳುತ್ತೇವೆ, ಜಗಲಿ ಅಗಲ ಮಾಡಿ. ನೆಂಟರು ಅಲ್ಲೇ ಮಲಗಲು ಇಷ್ಟಪಡುತ್ತಾರೆ.

ನಿಮ್ಮ ಫೀಸ್ ಹೇಗೆ? ಅದರಲ್ಲಿ ಏನೇನು ಬರುತ್ತದೆ?

ಖರ್ಚಿನ ಮೇಲೆ ಪರ್ಸೆಂಟ್ ತೆಗೆದುಕೊಳ್ಳುವ ಕ್ರಮ ಇದೆ. ನಾವು ಮನೆಯ ವಿಸ್ತೀರ್ಣ ನೋಡಿ ಒಂದು ಮೊತ್ತ ಹೇಳುತ್ತೇವೆ. ನಿಮ್ಮ ಖರ್ಚು ಏರಿದ ಹಾಗೆ ನಮ್ಮ ಫೀಸೂ ಏರುವುದು ನಮಗೆ ಸರಿ ಕಾಣುವುದಿಲ್ಲ. ಕೆಲಸ ಮುಂದುವರಿದ ಹಾಗೆ ಕಂತಿನಲ್ಲಿ ಕೊಟ್ಟರೆ ಸಾಕು.

ಅದರಲ್ಲಿ ಜಾಗದ ಅಳತೆ, ಪ್ಲಾನ್, ಸ್ಟ್ರಕ್ಚರ್ ಎಂಜಿನಿಯರ್ ಜೊತೆಗಿನ ಕೆಲಸ, ಕರೆಂಟ್ ಮತ್ತು ಪ್ಲಂಬಿಂಗ್ ಡ್ರಾಯಿಂಗ್, ಬಾಗಿಲು ಕಿಟಕಿಯ ಡ್ರಾಯಿಂಗ್, ಕೆಲಸ ನಡೆಯುವಾಗ ಸೈಟ್ ಭೇಟಿ ಎಲ್ಲ ಬರುತ್ತದೆ. ನಾವು ಕಂಟ್ರಾಕ್ಟ್ ತೆಗೆದುಕೊಳ್ಳುವುದಿಲ್ಲ. ಮೇಸ್ತ್ರಿಗಳ ಪರಿಚಯ ಮಾಡಿಸುತ್ತೇವೆ, ದರ ನೀವೇ ಮಾತಾಡಿ.

ಯಾರ ಹತ್ತಿರ ಹೋದರೂ ಒಂದು ಕೇಳಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳಬಹುದು. ನೋಂದಣಿ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ.

ಲೈಸೆನ್ಸ್, ಕನ್ವರ್ಷನ್ ಎಲ್ಲ ನೀವೇ ಮಾಡಿಸ್ತೀರಾ?

ಡ್ರಾಯಿಂಗ್ ನಾವು ಕೊಡುತ್ತೇವೆ, ಓಡಾಟ ನಿಮ್ಮದು. ಕೃಷಿ ಜಾಗವಾದರೆ ಭೂಪರಿವರ್ತನೆ, ಪಂಚಾಯತ್ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯತ್ ಆಸ್ತಿ ದಾಖಲೆ) ನಮೂನೆ 9 ಮತ್ತು 11, ಆಮೇಲೆ ಕಟ್ಟಡ ಪರವಾನಗಿ. ಸಮುದ್ರದ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್ ಒಳಗಿದ್ದರೆ, ಅಥವಾ ಉಬ್ಬರದ ನೀರು ಬರುವ ಹೊಳೆಯ ದಂಡೆಯಲ್ಲಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡಬೇಕು. ಜಾಗ ಖರೀದಿ ಮಾಡುವ ಮೊದಲೇ ನೋಡಿ, ಆಮೇಲೆ ಅಲ್ಲ.

ಜಾಗ ಗುಡ್ಡದಲ್ಲಿದೆ. ಮಟ್ಟ ಮಾಡಿಸಿಬಿಡಲಾ?

ದಯವಿಟ್ಟು ಬೇಡ. ನಾವು ನೋಡುವ ತನಕವಾದರೂ ಬೇಡ.

ಗುಡ್ಡವನ್ನು ನೇರ ಕಡಿದು ಮಟ್ಟ ಮಾಡಿದರೆ ಹಿಂದೆ ಎತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಮೇಲಿನಿಂದ ಇಂಗಿದ ನೀರಿಗೆ ಹೊರಬರಲು ಅದೇ ದಾರಿ. ಜುಲೈ ತಿಂಗಳಲ್ಲಿ ಬರೆ ಜರಿದು ಅಡುಗೆಮನೆ ಮೇಲೆ ಬಿದ್ದ ಸುದ್ದಿ ಪ್ರತಿ ವರ್ಷ ಓದುತ್ತೇವೆ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಎಲ್ಲರ ನೆನಪಿನಲ್ಲಿವೆ. ಮನೆಯನ್ನು ಎರಡು ಮೂರು ಮಟ್ಟದಲ್ಲಿ ಮೆಟ್ಟಿಲಿನ ಹಾಗೆ ಇಳಿಸಬಹುದು, ಹಳೆ ಅಡಿಕೆ ತೋಟ ಮಾಡಿದ ಹಾಗೆ. ಮೇಲಿನ ನೀರನ್ನು ಮನೆಗೆ ಬರುವ ಮೊದಲೇ ಕಣಿ ತೋಡಿ ಪಕ್ಕಕ್ಕೆ ತಿರುಗಿಸಬೇಕು. ಗುಡ್ಡದ ಮನೆಗೆ ನಾವು ಪ್ಲಾನಿಗಿಂತ ಮೊದಲು ಬರೆಯುವುದು ಆ ಕಣಿಯನ್ನು.

ಅಷ್ಟು ಮಳೆ ಬಿದ್ದರೂ ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತದಲ್ಲ?

1,000 ಚದರ ಅಡಿಯ ಮಾಡಿನ ಮೇಲೆ ನಮ್ಮ ಕಡೆ ಒಂದು ವರ್ಷದಲ್ಲಿ 3 ಲಕ್ಷ ಲೀಟರ್‌ಗೂ ಜಾಸ್ತಿ ನೀರು ಬೀಳುತ್ತದೆ. ಅದೆಲ್ಲ ರಸ್ತೆಗೆ ಹೋಗುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಕಟ್ಟಿ ಹಂಡೆಗೆ ನೀರು ಹಿಡಿಯುತ್ತಿದ್ದರು. ನಾವು ಅದನ್ನೇ ಪೈಪಿನಲ್ಲಿ ಮಾಡಿ, ಜಲ್ಲಿ ಮರಳಿನ ಸೋಸು ತೊಟ್ಟಿ ದಾಟಿಸಿ ಬಾವಿಗೆ ಬಿಡುತ್ತೇವೆ. ಮೊದಲ ಎರಡು ಮಳೆಯ ನೀರು ಹೊರಗೆ ಹೋಗಲಿ, ಮಾಡಿನ ಕಸ ತೊಳೆದ ನೀರು ಅದು. ಕಡಿದಾದ ಗುಡ್ಡದಲ್ಲಿ ಮಾತ್ರ ಇಂಗುಗುಂಡಿ ಬೇಡ, ಕಾರಣ ಮೇಲೆ ಹೇಳಿದ್ದೇ.

ವಾಸ್ತು ನೋಡ್ತೀರಾ?

ನಿಮ್ಮ ವಾಸ್ತು ತಜ್ಞರು ಕೊಡುವ ಆಯ, ಕೋಲು ಅಂಗುಲದ ಅಳತೆ ತನ್ನಿ. ಅದಕ್ಕೆ ಹೊಂದಿಸಿ ಬರೆಯುತ್ತೇವೆ. ಹೆಚ್ಚಿನ ಸಲ ಜಗಳವೇ ಬರುವುದಿಲ್ಲ. ಬಂದರೆ ಅವರ ಜೊತೆ ಕೂತು ಮಾತಾಡುತ್ತೇವೆ. ಪ್ಲಾನ್ ಪೂರ್ತಿಯಾದ ಮೇಲೆ ಇನ್ನೊಬ್ಬರಿಗೆ ತೋರಿಸಿ ಬದಲಾಯಿಸಬೇಡಿ, ಮೊದಲೇ ತೋರಿಸಿ. ದೇವಸ್ಥಾನ, ದೈವಸ್ಥಾನದ ಗುಡಿ ನಮ್ಮ ಕೆಲಸವಲ್ಲ, ಅದನ್ನು ಬಲ್ಲವರು ಬೇರೆ ಇದ್ದಾರೆ.

ನಾವು ದುಬೈಯಲ್ಲಿದ್ದೇವೆ. ದೂರದಿಂದ ಮಾಡಿಸಬಹುದಾ?

ಮಾಡಿಸಬಹುದು. ನಮ್ಮಲ್ಲಿ ಬರುವವರಲ್ಲಿ ಬೊಂಬಾಯಿ, ಗಲ್ಫ್‌ನಲ್ಲಿ ಇರುವವರು ಬೇಕಾದಷ್ಟು ಜನ. ಪ್ರತಿ ಶನಿವಾರ ಸೈಟಿನ ವಿಡಿಯೋ ವಾಟ್ಸಾಪ್ ಮಾಡುತ್ತೇವೆ. ಆದರೆ ಊರಲ್ಲಿ ನಿಮ್ಮ ಕಡೆಯ ಒಬ್ಬರು ಇರಬೇಕು, ಅವರ ಮಾತೇ ಕೊನೆ ಅಂತ ಆಗಬೇಕು. ಒಂದು ವಿಷಯ: ಮುಚ್ಚಿಟ್ಟ ಮನೆ ಬೇಗ ಹಾಳಾಗುತ್ತದೆ. ವರ್ಷಕ್ಕೊಮ್ಮೆ ಬರುವುದಾದರೆ ಬಾಗಿಲು ಹಾಕಿದ್ದರೂ ಗಾಳಿ ಆಡುವ ಹಾಗೆ ಬೇರೆ ರೀತಿ ಬರೆಯಬೇಕಾಗುತ್ತದೆ. ಹಾಗಾಗಿ ಇದನ್ನು ಮೊದಲೇ ಹೇಳಿ.

ಯಾವಾಗ ಶುರು ಮಾಡಿದರೆ ಒಳ್ಳೆಯದು?

ದೀಪಾವಳಿ ಕಳೆದು ಪಂಚಾಂಗ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮಾಡು ಹೊದಿಸಿ ಮುಗಿದಿರಬೇಕು. ಒಳಗಿನ ಕೆಲಸ ಮಳೆಗಾಲದಲ್ಲಿ ನಿಧಾನವಾಗಿ ನಡೆಯುತ್ತದೆ. ಈ ಲೆಕ್ಕದಲ್ಲಿ ನಮ್ಮ ಜೊತೆ ಮಾತು ಶುರುವಾಗಬೇಕಾದದ್ದು ಹಿಂದಿನ ಜೂನ್‌ನಲ್ಲಿ.

ಜಾಗ ನೋಡಲು ನಮ್ಮನ್ನು ಮಳೆಗಾಲದಲ್ಲೇ ಕರೆಯಿರಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಚಂದವೇ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಏಳುತ್ತದೆ, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ಅನ್ನುವುದು ಜುಲೈ ತಿಂಗಳಲ್ಲಿ ಕೊಡೆ ಹಿಡಿದು ನಿಂತರೆ ಮಾತ್ರ ಗೊತ್ತಾಗುತ್ತದೆ.

ಮೊದಲ ಭೇಟಿಗೆ ಏನು ತರಬೇಕು?

ಪಹಣಿ, ಜಾಗದ ನಕ್ಷೆ, ಇದ್ದರೆ 9/11. ಮೊಬೈಲಿನ ಫೋಟೋಗಳನ್ನೂ ತನ್ನಿ, ನೋಡುತ್ತೇವೆ. ಮನೆಯಲ್ಲಿ ಅಡುಗೆ ಮಾಡುವವರು, ಹಿರಿಯರು ಜೊತೆಗೆ ಬರಲಿ. ಬೆಳಗ್ಗೆ ಮೊದಲು ಏಳುವವರು ಯಾರು, ಅವರು ಯಾವ ಬಾಗಿಲು ತೆಗೆಯುತ್ತಾರೆ, ಒದ್ದೆ ಬಟ್ಟೆ ಜುಲೈಯಲ್ಲಿ ಎಲ್ಲಿ ಒಣಗುತ್ತದೆ, ಮೀನು ಎಲ್ಲಿ ಕೊಯ್ಯುತ್ತೀರಿ ಅಥವಾ ಹಪ್ಪಳ ಎಲ್ಲಿ ಒಣಗಿಸುತ್ತೀರಿ ಅಂತೆಲ್ಲ ನಾವು ಕೇಳುತ್ತೇವೆ. ಉತ್ತರ ಅವರ ಹತ್ತಿರವೇ ಇರುತ್ತದೆ.